ವಾಚಿನಂಗಡಿಯಲ್ಲಿ ನನ್ನ ಒಪ್ಪಿಗೆ

ನಮ್ಮ ಕಡೆಯ ಕೆಲವು ಮನೆಗಳಲ್ಲಿ ಹುಡುಗಿಯನ್ನು ‘ಈ ಹುಡುಗ ನಿನಗೆ ಒಪ್ಪಿಗೆಯೇ’ ಅಂತ ಬಾಯಿಬಿಟ್ಟು ಕೇಳುವುದಿಲ್ಲ. ವಾಚು ಆರಿಸಲು ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಹುಡುಗನನ್ನು ನೋಡಿದ್ದಾಗಿರುತ್ತದೆ, ಹಿರಿಯರ ಮಾತು ಮುಗಿದಿರುತ್ತದೆ, ಆಮೇಲೆ ಒಂದು ದಿನ ಅಪ್ಪನೋ ಸೋದರಮಾವನೋ ‘ನಡಿಯವ್ವ, ಹುಡುಗನ ಕೈಗೆ ವಾಚು ತರೋಣು’ ಅನ್ನುತ್ತಾರೆ. ಅವಳು ಹೋಗಿ ಒಂದನ್ನು ಮುಟ್ಟಿ ತೋರಿಸಿದರೆ ಒಪ್ಪಿಗೆ. ಹೋಗದಿದ್ದರೆ, ಅಥವಾ ಹೋಗಿಯೂ ಯಾವುದೂ ಚಂದ ಇಲ್ಲ ಅಂತ ಬರಿಗೈಯಲ್ಲಿ ಬಂದರೆ, ಇಲ್ಲ. ಕಾರಣ ಯಾರೂ ಕೇಳುವಂತಿಲ್ಲ. ಗಂಡಿನ ಕಡೆಗೆ ‘ಮನಸಿಗೆ ಬಂದ ವಾಚು ಸಿಗಲಿಲ್ಲರಿ’ ಅಂತ ಹೇಳಿ ಕಳಿಸುತ್ತಾರೆ. ಅವರಿಗೂ ಅರ್ಥವಾಗುತ್ತದೆ, ಅವರ ಮರ್ಯಾದೆಯೂ ಉಳಿಯುತ್ತದೆ.

ನನ್ನ ಚಿಗವ್ವ ಕಂಪ್ಲಿಯ ಒಬ್ಬ ಹುಡುಗನನ್ನು ಹೀಗೆ ಬಿಟ್ಟವಳು. ಅಂಗಡಿಯವನು ಗಾಜಿನ ಪೆಟ್ಟಿಗೆ ಖಾಲಿ ಮಾಡಿ ಮುಂದಿಟ್ಟರೂ ಒಂದಕ್ಕೂ ಕೈ ಹಚ್ಚದೆ, ‘ಎಲ್ಲಾದ್ರ ಮುಳ್ಳೂ ಸೊಟ್ಟ ಅದಾವು’ ಅಂದಳಂತೆ. ಈಗಲೂ ಮನೆಯಲ್ಲಿ ಯಾರಾದರೂ ಹಠ ಹಿಡಿದರೆ ‘ಇಕಿಗೂ ಮುಳ್ಳು ಸೊಟ್ಟ ಕಾಣಾಕತ್ಯಾವ’ ಅಂತ ನಗುತ್ತಾರೆ. ಇನ್ನೊಂದು ಕಟ್ಟಳೆ, ಆ ವಾಚು ಸೆಲ್ಲಿನದಾಗಬಾರದು. ಸೆಲ್ಲು ತನ್ನಷ್ಟಕ್ಕೆ ಮುಗಿದು ಮುಳ್ಳು ನಿಂತರೆ ಅಪಶಕುನವಂತೆ. ಯಂತ್ರದ ವಾಚು ನಿಂತರೆ ಅದು ಬರೀ ಮನುಷ್ಯನ ಮರೆವು, ಬೈದರೆ ಸರಿಹೋಗುತ್ತದೆ. ಈ ತರ್ಕದಲ್ಲಿರುವ ತೂತುಗಳನ್ನು ನಾನು ನಿದ್ದೆಗಣ್ಣಲ್ಲೂ ತೋರಿಸಬಲ್ಲೆ. ಆದರೆ ಸದ್ಯಕ್ಕೆ ಅದು ವಿಷಯವಲ್ಲ.

ರೂಢಿ ಅಂದರೆ ಸಾಕು, ನನಗೆ ಮೊದಲು ಹುಟ್ಟುವುದು ಅನುಮಾನ. ಆದರೂ ಈ ಒಂದು ರೂಢಿಯ ಪರವಾಗಿ ಯಾವ ವೇದಿಕೆಯ ಮೇಲಾದರೂ ನಿಂತು ಮಾತಾಡುತ್ತಿದ್ದೆ. ಬಾಯಿ ತೆರೆಯಲು ಅಂಜುವ ಹುಡುಗಿಯ ಕೈಗೆ ಅದು ಒಂದು ‘ಇಲ್ಲ’ವನ್ನು ಇಟ್ಟುಕೊಡುತ್ತದೆ. ನನ್ನ ಒಪ್ಪಿಗೆಯನ್ನೂ ಹಾಗೆಯೇ, ಹೊಸಪೇಟೆ ಬಜಾರಿನ ವಾಚಿನಂಗಡಿಯೊಂದರಲ್ಲಿ ತೆಗೆದುಕೊಂಡರು. ನನಗೆ ಮಾತ್ರ ಹೇಳಲಿಲ್ಲ.

ತೆಗೆದುಕೊಂಡವನು ನನ್ನ ಅಪ್ಪ. ಅವನದು ಲಾರಿ ಬಿಡಿಭಾಗಗಳ ಅಂಗಡಿ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಡ್ರೈವರುಗಳ ಜತೆ ಇಡೀ ದಿನ ಗುದ್ದಾಡಿ, ಚಿತ್ತವಾಡ್ಗಿಯ ಮನೆಗೆ ಬಂದು ಊಟಕ್ಕೆ ಕೂತರೆ ಅವನಿಗೆ ಮತ್ತೊಂದು ಜಗಳ ಬೇಕು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಆ ಜಗಳಕ್ಕೆ ನಾನೇ ಜೋಡಿ. ತಾಟಿನ ಮುಂದೆ ಕೂತು ಒಂದು ವಿಷಯ ಎಸೆಯುತ್ತಿದ್ದ: ರೊಟ್ಟಿ ಮೇಲೋ ಅನ್ನ ಮೇಲೋ, ಹಂಪಿಗೆ ಬರುವ ಪ್ರವಾಸಿಗರಿಂದ ನಮಗೆ ಲಾಭವೋ ಲುಕ್ಸಾನೋ. ನಾನು ಒಂದು ಪಕ್ಷ ಹಿಡಿದು ಬಿರುಸಿನಿಂದ ಹೊರಟು, ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಅವನು ತೊಡೆ ತಟ್ಟಿ ‘ಪಲ್ಟಿ!’ ಅನ್ನುತ್ತಿದ್ದ. ಲಾರಿ ಮಗುಚಿದ ಹಾಗೆ ನಾನು ಅದೇ ಉಸಿರಿನಲ್ಲಿ ಎದುರು ಪಕ್ಷಕ್ಕೆ ಮಗುಚಬೇಕು. ಆಮೇಲೆ ಕೊನೆಗೆ ಕೇಳುತ್ತಿದ್ದ, ‘ತೀರ್ಪು?’ ಆಗ ಮಾತ್ರ ನನ್ನ ಮನಸ್ಸಿನದನ್ನು ಹೇಳಬೇಕು.

‘ಮಾತಾಡೂವಾಗ ನೀ ವಕೀಲ. ತೀರ್ಪು ಹೇಳೂವಾಗ ನೀನು ನೀನ. ಎರಡೂ ಕಲಸಬ್ಯಾಡ’ ಅನ್ನುವುದು ಅವನ ಪಾಠ. ಕಾಲೇಜಿನಲ್ಲಿ ನನಗೆ ಚರ್ಚೆ ಕಲಿಸಿದ ಮೇಷ್ಟ್ರುಗಳು ಇದ್ದರು, ಅವರಿಗೆ ನನ್ನ ನಮಸ್ಕಾರ ಇದೆ. ಆದರೆ ಈ ಒಂದು ವಾಕ್ಯದಷ್ಟು ಕೆಲಸಕ್ಕೆ ಬಂದದ್ದನ್ನು ಅವರ್ಯಾರೂ ಕಲಿಸಲಿಲ್ಲ. ಸ್ಪರ್ಧೆ ಕಂಪ್ಲಿಯಲ್ಲಿರಲಿ ಸಂಡೂರಿನಲ್ಲಿರಲಿ, ಅಂಗಡಿಗೆ ಬೀಗ ಹಾಕಿ ಗಾಡಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದ. ಕೊನೆಯ ಸಾಲಿನಲ್ಲಿ ಕೂತು, ಎದುರಾಳಿಗಳು ಮಾತಾಡುವಾಗ ಆಕಳಿಸುತ್ತಿದ್ದ.

ಪದವಿ ಮುಗಿಸಿ ಕಾನೂನು ಓದಬೇಕೆಂದು ಕಾಯುತ್ತಿದ್ದ ದಿನಗಳವು. ಒಂದು ಮುಂಜಾನೆ ಅಪ್ಪ ಅಂದ, ‘ಸಂಡೂರಾಗ ನನ್ನ ಗೆಳೆಯ ಅದಾನಲ್ಲ, ಅವನ ಮಗಗ ಒಂದು ವಾಚ್ ಕೊಡಬೇಕು. ನೀ ಬಂದು ಆರಿಸು.’

‘ಯಾಕ ಕೊಡಬೇಕು?’ ಅಂದೆ. ಪ್ರಶ್ನೆ ಕೇಳದೆ ನಾನು ಹೊಸ್ತಿಲು ದಾಟುವವಳಲ್ಲ.

‘ಗಣಿ ಕಂಪನ್ಯಾಗ ನೌಕರಿ ಕಾಯಂ ಆಗೈತಿ. ಛಲೋ ಹುಡುಗ.’

‘ಫೋನಿಗೆ ಜೋಡ್ಸೋ ವಾಚ್ ಕೊಡು. ಈಗಿನ ಹುಡುಗರು ಅದನ್ನ ಕಟ್ಟತಾರ.’

‘ಅವರ ಮನ್ಯಾಗ ಹಿರೇರು ಅದಾರ. ಸೆಲ್ಲಿಂದು ಆಗಂಗಿಲ್ಲ.’

ಇಷ್ಟು ಕೇಳಿದರೂ ನಿನಗೆ ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ಹೊಳೆಯಲಿಲ್ಲ, ಅದಕ್ಕೆ ಕಾರಣವೂ ಇದೆ. ನಮ್ಮ ಕ್ರಮದಲ್ಲಿ ಮೊದಲು ಹುಡುಗ, ಆಮೇಲೆ ವಾಚು. ನನಗೆ ಯಾವ ಹುಡುಗನನ್ನೂ ಯಾರೂ ತೋರಿಸಿರಲಿಲ್ಲ. ಅದಕ್ಕೂ ದೊಡ್ಡ ಕಾರಣ, ಹೇಳುತ್ತಿದ್ದವನು ಅಪ್ಪ. ಊರೆಲ್ಲರ ಮಾತನ್ನೂ ಒರೆಗೆ ಹಚ್ಚುವುದನ್ನು ನನಗೆ ಕಲಿಸಿದವನು ಅವನು. ಕಲಿಸಿದವನ ಮಾತನ್ನೇ ಒರೆಗೆ ಹಚ್ಚಬೇಕೆಂದು ನನಗೆ ತೋಚಿರಲಿಲ್ಲ.

ಅವ್ವ ನನ್ನ ಜಡೆಗೆ ಮಲ್ಲಿಗೆ ಮುಡಿಸಿದಳು. ‘ವಾಚಿನಂಗಡಿಗೆ ಹೂವು ಯಾಕವ್ವ?’ ಅಂದೆ.

‘ಬಜಾರಕ್ಕ ಹೊಂಟೀವಿ. ಬೋಳು ತಲಿ ಹಾಕ್ಕೊಂಡು ಬರ್ತಿಯೇನು?’ ಅಂದಳು. ನನ್ನ ಮುಖ ನೋಡಲಿಲ್ಲ. ಹಿಂದೆ ನಿಂತು ಹೂವು ಮುಡಿಸುವಾಗ ಮುಖ ಹೇಗೆ ಕಾಣುತ್ತದೆ ಅಂತ ಆಗ ಅಂದುಕೊಂಡಿದ್ದೆ. ಈಗ ನೆನೆದರೆ, ಮುಂದೆ ಬಂದು ಸೆರಗಿನಿಂದ ನನ್ನ ಹಣೆ ಒರೆಸಿದಾಗಲೂ ನೋಡಿರಲಿಲ್ಲ.

ಅಂಗಡಿ ಇಕ್ಕಟ್ಟಿನದು. ಮೂರು ಜನ ನಿಂತರೆ ನಾಲ್ಕನೆಯವರು ಬೀದಿಯಲ್ಲೇ ನಿಲ್ಲಬೇಕು. ಅಂಗಡಿಯವನು ಅಪ್ಪನ ವಯಸ್ಸಿನವನು, ಮಾತಿಗೆ ಬರವಿಲ್ಲದವನು. ಗಾಜಿನ ಮೇಲೆ ಕೆಂಪು ಮಕಮಲ್ಲಿನ ಬಟ್ಟೆ ಹಾಸಿ, ಅದೂ ಇದೂ ತೆಗೆದಿಟ್ಟು, ಕೊನೆಗೆ ಎರಡನ್ನು ಉಳಿಸಿದ.

ಒಂದು ಕೀ ಕೊಡುವ ವಾಚು. ಬಿಳಿ ಡಯಲ್ಲು, ತೆಳ್ಳನೆಯ ಮೈ, ಕರಿ ಚರ್ಮದ ಬೆಲ್ಟು. ಅಂಕಿಗಳ ಜಾಗದಲ್ಲಿ ಸಣ್ಣ ಗೀಟುಗಳು, ಅಷ್ಟೇ. ಕಿವಿಗೆ ಹಿಡಿದರೆ ಹಲ್ಲಿಲ್ಲದ ಮುದುಕಿ ಎಲೆ ಅಡಿಕೆ ಜಗಿದಂಥ ಮೆತ್ತನೆಯ ಸದ್ದು. ಇನ್ನೊಂದು ಆಟೋಮ್ಯಾಟಿಕ್. ಕೈ ಅಲ್ಲಾಡಿದರೆ ಒಳಗೊಂದು ತೂಕದ ಬಿಲ್ಲೆ ತಿರುಗಿ ತಾನಾಗಿಯೇ ಕೀ ಕೊಟ್ಟುಕೊಳ್ಳುತ್ತದೆ. ಕಡುನೀಲಿ ಡಯಲ್ಲಿನ ನಡುವೆ ಒಂದು ಕಿಂಡಿ ಕೊರೆದು, ಒಳಗಿನ ಗಾಲಿ ಅತ್ತಿತ್ತ ಹೊರಳುವುದು ಕಾಣುವ ಹಾಗೆ ಮಾಡಿದ್ದರು. ಉಕ್ಕಿನ ಚೈನು, ಹಿಡಿದರೆ ಕೈ ಜೋತು ಬೀಳುವ ಭಾರ. ಬೆಲೆ ಮೊದಲನೆಯದರ ಐದಾರು ಪಟ್ಟು.

‘ಕೈ ದಪ್ಪನ್ನ ಅದಾವೋ, ಸಣ್ಣ ಅದಾವೋ ಅಣ್ಣಾರ?’ ಅಂತ ಅಂಗಡಿಯವನು ಕೇಳಿದ.

‘ನನಗಿಂತ ತುಸು ಸಣ್ಣ’ ಅಂದ ಅಪ್ಪ, ತಡವರಿಸದೆ. ಅವ್ವ ಎರಡನ್ನೂ ನೋಡಿ, ‘ಎರಡೂ ಚಂದ ಅದಾವು ಬಿಡ್ರಿ’ ಅಂದಳು.

ಅಪ್ಪ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಊಟದ ಹೊತ್ತಿನ ಹೊಳಪಿತ್ತು. ‘ಆತು, ಶುರು ಮಾಡು. ನೀಲಿ ವಾಚಿನ ಪರ.’

ನನಗೆ ಇಷ್ಟೇ ಸಾಕು. ದುಪ್ಪಟ್ಟಾ ಸರಿಮಾಡಿಕೊಂಡು ಹೊರಟೆ. ‘ಮಾನ್ಯರೇ, ಗಣಿಯಾಗ ಕೆಲಸ ಮಾಡೋ ಮನುಷ್ಯಾಗ ತೂಕ ಇರಬೇಕು. ತೂಕ ಇರೋ ಮನುಷ್ಯಾಗ ತೂಕದ ವಾಚು. ಈ ವಾಚು ತನ್ನ ಹೊಟ್ಟಿ ಒಳಗ ಏನೈತಿ ಅಂತ ಕಿಂಡಿ ತಗದು ತೋರಸ್ತೈತಿ. ಮುಚ್ಚುಮರಿ ಇಲ್ಲ. ಎಷ್ಟು ಮಂದಿ ಹಿಂಗ ಎದಿ ತಗದು ತೋರಸ್ತಾರ ಹೇಳ್ರಿ? ಮತ್ತ, ದುಡಿಯೂ ಕೈಗೆ ಇದು ತಾನಾಗೇ ನಡೀತೈತಿ. ದುಡಿದಷ್ಟೂ ಓಡ್ತೈತಿ. ಸೋಮಾರಿ ಕೈಗೆ ಹಾಕಿದ್ರ ನಿಲ್ಲತೈತಿ. ಅಂದಮ್ಯಾಲ ಇದು ವಾಚಲ್ಲ, ಹಾಜರಿ ಪುಸ್ತಕ!’

ಅಂಗಡಿಯವನು ನಕ್ಕು ಮೇಜು ತಟ್ಟಿದ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕಿವಿಗೊಟ್ಟರು. ‘ಇಕಿನ್ನ ನನ್ನ ಅಂಗಡ್ಯಾಗ ಇಟ್ಟು ಹೋಗ್ರಿ ಅಣ್ಣಾರ, ದೀಪಾವಳಿ ಮಟ ಸಾಕು’ ಅಂದ ಅಂಗಡಿಯವನು.

‘ಪಲ್ಟಿ!’ ಅಂದ ಅಪ್ಪ.

‘ಈಗ ಹೇಳ್ರಿ,’ ಅಂದೆ ಅದೇ ಉಸಿರಿನಲ್ಲಿ, ಬಿಳಿಯದನ್ನು ಎತ್ತಿ ಹಿಡಿದು. ‘ಕಿಂಡಿ ತಗದು ತೋರಸೂದು ಪ್ರಾಮಾಣಿಕತನ ಅಲ್ಲ, ಜಂಬ. ಹೊಟ್ಟಿ ಒಳಗಿನದು ಹೊಟ್ಟಿ ಒಳಗ ಇರಬೇಕು, ಟೈಮು ಸರಿ ತೋರಿಸಿದ್ರ ಸಾಕು. ಮತ್ತ ಆ ಆಟೋಮ್ಯಾಟಿಕ್ ಅಂದ್ರ ಏನು? ಕೈ ಅಲ್ಲಾಡಿಸಿದ್ರ ಸಾಕು, ನಾ ಏನೂ ಮಾಡದ ಎಲ್ಲಾ ನಡೀತೈತಿ ಅನ್ನೋ ಗಂಡಸರ ವಾಚು. ಇದು ಹಂಗಲ್ಲ. ದಿನಾ ಮುಂಜಾನೆ ಎದ್ದು ಕೇಳಬೇಕು, ಏನವ್ವ, ಇವತ್ತೂ ನಡೀತೀಯೇನು ಅಂತ. ನಿನ್ನೆ ಹೂಂ ಅಂದಿದ್ಲು ಅಂತ ಇವತ್ತು ಕೇಳದ ಇದ್ರ ನಿಂತುಬಿಡ್ತಾಳ. ನನ್ನ ಕೇಳಿದ್ರ, ದಿನಾ ಕೇಳೋ ಬುದ್ಧಿ ಇದ್ದವಗ ಮಾತ್ರ ವಾಚ್ ಕಟ್ಟೋ ಯೋಗ್ಯತಾ ಐತಿ.’

ಬೀದಿಯವರು ಚಪ್ಪಾಳೆ ತಟ್ಟಿದರು. ಅವ್ವ ಗಾಜಿನೊಳಗಿನ ಗೋಡೆ ಗಡಿಯಾರಗಳನ್ನು ನೋಡುತ್ತಿದ್ದಳು.

‘ತೀರ್ಪು?’

‘ಬಿಳೀದು’ ಅಂದೆ. ಬೆರಳಿಟ್ಟು ಮುಟ್ಟಿ ತೋರಿಸಿದೆ. ‘ಇದ ಕೊಡು. ನೀಲಿದು ನೋಡಾಕ ಚಂದ, ಎರಡು ದಿನಕ್ಕ ಬ್ಯಾಸರ ಆಗ್ತೈತಿ.’

ಅಪ್ಪ ‘ಆತು’ ಅಂದ. ನನಗೂ ಅವ್ವನಿಗೂ ಎದುರಿನ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡಿದು ಬರಲು ಹೇಳಿ ಹಣ ಕೊಡಲು ನಿಂತ. ನಾವು ಬರುವಷ್ಟರಲ್ಲಿ ವಾಚು ಡಬ್ಬಿಯೊಳಗೆ ಹೋಗಿ, ಡಬ್ಬಿ ಬಣ್ಣದ ಕಾಗದದೊಳಗೆ ಹೋಗಿ, ಅಪ್ಪನ ಕೈಚೀಲ ಸೇರಿತ್ತು. ನಾನು ಗೆದ್ದ ಹುರುಪಿನಲ್ಲಿದ್ದೆ. ದಾರಿಯುದ್ದಕ್ಕೂ ಅವ್ವನಿಗೆ ಕಿಂಡಿ ಮತ್ತು ಜಂಬದ ಮಾತನ್ನು ಮತ್ತೊಮ್ಮೆ ಹೇಳಿ ನಗಿಸಲು ನೋಡಿದೆ. ಅವಳು ನಕ್ಕಳು, ಅಷ್ಟು ನಗುವ ಮಾತೇನೂ ಅಲ್ಲದ ಕಡೆಗಳಲ್ಲೂ.

ಮುಂದಿನ ತಿಂಗಳು ಹಂಪಿಗೆ ಹೋದೆವು. ಗುಡಿಗೆ ಹೋಗದೆ ಬಹಳ ದಿನವಾಯಿತು, ಬುತ್ತಿ ಕಟ್ಟಿಕೊಂಡು ಹೋಗೋಣ ಅಂತ ಅಪ್ಪನೇ ಹೊರಡಿಸಿದ. ಪಕ್ಕದ ಮನೆಯವರ ಕಾರು ತಂದಿದ್ದ. ದೇವರಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೇ, ಆದರೆ ಹೊಳೆ ದಂಡೆಯ ಕಲ್ಲುಮಂಟಪದಲ್ಲಿ ಕೂತು ತಿನ್ನುವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅಲುಗದ ನಂಬಿಕೆ ಇದೆ. ದರ್ಶನ ಮುಗಿಸಿ ಮಂಟಪಕ್ಕೆ ಬಂದರೆ ಅಲ್ಲಿ ಮೊದಲೇ ಒಂದು ಜಮಖಾನೆ ಹಾಸಿತ್ತು. ಅದರ ಮೇಲೆ ಮೂವರು: ಅಪ್ಪನ ಸಂಡೂರಿನ ಗೆಳೆಯ, ಅವರ ಮುದಿ ತಾಯಿ, ಮತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಯುವಕ.

‘ಅರೆರೆ, ನೀವೂ ಇಲ್ಲೇ!’ ಅಂದ ಅಪ್ಪ. ಅಪ್ಪ ಎಲ್ಲವನ್ನೂ ಚೆನ್ನಾಗಿ ಮಾತಾಡುತ್ತಾನೆ, ಆಶ್ಚರ್ಯವನ್ನು ಮಾತ್ರ ಮಾತಾಡಲು ಬರುವುದಿಲ್ಲ. ನನಗೆ ಅಲ್ಲೇ ಏನೋ ಚುಚ್ಚಿತು.

ಅಜ್ಜಿ ಜಮಖಾನೆ ತಟ್ಟಿ ಕರೆದಳು. ‘ಬಾ ನನ್ನವ್ವ, ಕುಂದ್ರು. ನಿನ್ನ ವಾಚು ಭಾಳ ಚಂದ ಐತಿ ನೋಡು. ಇವ ಮಕ್ಕೊಂಡಾಗೂ ಬಿಚ್ಚವಲ್ಲ. ಕೈ ಅಲ್ಲಾಡಸದಿದ್ರ ನಿಲ್ಲತೈತಂತ, ನಿದ್ಯಾಗೂ ಅಲ್ಲಾಡಸ್ತಾನ.’

‘ನನ್ನ ವಾಚೇನ್ರಿ?’ ಅಂದೆ.

‘ಮತ್ತ! ನೀ ಆರಿಸಿದ್ದವ್ವ.’

ಯುವಕ ನಾಚಿ ಕೈ ಹಿಂದಕ್ಕೆ ಎಳೆದುಕೊಂಡ. ಎಳೆದುಕೊಂಡಾಗಲೇ ನನಗೆ ಕಂಡದ್ದು. ಉಕ್ಕಿನ ಚೈನು. ಕಡುನೀಲಿ ಡಯಲ್ಲು. ಕಿಂಡಿಯೊಳಗೆ ಹೊರಳುವ ಗಾಲಿ.

ಒಂದರ ಬೆನ್ನಿಗೆ ಒಂದು ಎರಡು ತಿಳಿವಳಿಕೆ ಬಂದವು. ಮೊದಲನೆಯದು, ಇವರ ಲೆಕ್ಕದಲ್ಲಿ ನಾನು ಆಗಲೇ ಹೂಂ ಅಂದಿದ್ದೇನೆ, ಇವತ್ತಿನದು ಗುಡಿಯ ಊಟವಲ್ಲ, ನನ್ನ ಮದುವೆಯ ಮಾತು. ಎರಡನೆಯದು, ನನ್ನ ಹೂಂ ಅಂತ ಇವರಿಗೆ ಕೊಟ್ಟ ವಾಚನ್ನು ನಾನು ಆರಿಸಿಯೇ ಇಲ್ಲ. ಯಾವುದು ಹೆಚ್ಚು ಉರಿಯಿತು ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ. ಕದಿಯುವವರು ಕದ್ದದ್ದನ್ನಾದರೂ ನೆಟ್ಟಗೆ ಇಟ್ಟುಕೊಳ್ಳುತ್ತಾರೆ.

‘ಅಜ್ಜಿ,’ ಅಂದೆ, ‘ಇದು ನಾ ಆರಿಸಿದ್ದಲ್ಲ.’

ಅಪ್ಪ ದೊಡ್ಡದಾಗಿ ನಕ್ಕ. ‘ಅಕಿ ಚಾಷ್ಟಿ ಮಾಡ್ತಾಳ್ರಿ. ಅಂಗಡ್ಯಾಗ ಇದರ ಪರ ಏನ್ ಮಾತಾಡಿದ್ಲು ಅಂತೀರಿ! ಬೀದಿ ಮಂದಿ ನಿಂತು ಕೇಳಿದ್ರು. ತೂಕ ಇರೋ ಮನುಷ್ಯಾಗ ತೂಕದ ವಾಚು. ಅಂದಿಲ್ಲೇನು ನೀನು? ದುಡಿಯೂ ಕೈಗೆ ತಾನಾಗೇ ನಡೀತೈತಿ. ಅಂದಿಲ್ಲೇನು? ಮುಚ್ಚುಮರಿ ಇಲ್ಲದ ವಾಚು. ಅಂದಿಲ್ಲೇನು?’

ಅಂದಿದ್ದೆ. ಒಂದೊಂದು ಶಬ್ದವೂ ನನ್ನದೇ. ನಾನು ಅವನ ಬಾಯಿಯನ್ನೇ ನೋಡಿದೆ. ವಕೀಲ ಬೇರೆ, ನೀನು ಬೇರೆ, ಕಲಸಬ್ಯಾಡ ಅಂತ ವರ್ಷಗಟ್ಟಲೆ ನನಗೆ ತಿದ್ದಿ ಹೇಳಿದವನು, ನಾಲ್ಕು ಜನರೆದುರು ಎರಡನ್ನೂ ಕಲಸಿ ನನ್ನ ತಾಟಿಗೇ ಬಡಿಸುತ್ತಿದ್ದ. ಎದುರಾಳಿ ಹೀಗೆ ಮಾಡಿದ್ದರೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಎದುರಾಳಿಯ ಜಾಗದಲ್ಲಿ ಅಪ್ಪ ಕೂತಿದ್ದ.

‘ಅದು ಪಲ್ಟಿಗೆ ಮೊದಲ ಅಂದದ್ದು,’ ಅಂದೆ. ‘ತೀರ್ಪು ಬಿಳೀದು ಅಂತ ಹೇಳಿದ್ದೆ.’

‘ಏನ್ ಪಲ್ಟಿ?’ ಅಂದರು ಅಪ್ಪನ ಗೆಳೆಯ.

‘ಆಟರಿ, ಮನ್ಯಾಗಿನ ಆಟ’ ಅಂದ ಅಪ್ಪ. ‘ರೊಟ್ಟಿ ಬಿಚ್ರಿ, ಆರಿಹೋಗ್ತಾವು.’

ಅಜ್ಜಿ ರೊಟ್ಟಿ ಗಂಟಿಗೆ ಕೈ ಹಾಕಲಿಲ್ಲ. ಅವಳು ಅವ್ವನ ಕಡೆ ತಿರುಗಿದಳು. ‘ನೀ ಹೇಳ ಯವ್ವ. ಅಂಗಡ್ಯಾಗ ನೀನೂ ಇದ್ದೆಂತಲ್ಲ. ಹುಡುಗಿ ಯಾವುದು ಮುಟ್ಟಿದ್ಲು?’

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ನನ್ನ ಇಡೀ ಕೇಸು ಈಗ ಒಬ್ಬಳೇ ಸಾಕ್ಷಿಯ ಬಾಯಿಯಲ್ಲಿತ್ತು. ಅವ್ವ ಒಂದು ಶಬ್ದ ಹೇಳಿದರೆ ಸಾಕಿತ್ತು, ‘ಬಿಳೀದು’ ಅಂತ. ನಾನು ಅವಳನ್ನೇ ನೋಡಿದೆ. ಅವಳು ಚಟ್ನಿ ಡಬ್ಬಿಯ ಮುಚ್ಚಳ ತಿರುಗಿಸಿದಳು, ಮತ್ತೆ ಬಿಗಿ ಮಾಡಿದಳು.

‘ನಂಗ ಸರಿ ನೆನಪಿಲ್ಲರಿ ಅತ್ತಿ’ ಅಂದಳು.

ಅಪ್ಪನ ಮಾತಿಗಿಂತ ಇದು ನನಗೆ ಆಳಕ್ಕೆ ಇಳಿಯಿತು. ಅಪ್ಪನ ವಿರುದ್ಧ ನನ್ನ ಬಳಿ ವಾದವಾದರೂ ಇತ್ತು.

ಆಗ ಅಜ್ಜಿ ಇನ್ನೊಂದು ಪ್ರಶ್ನೆ ಕೇಳಿದಳು, ನನ್ನನ್ನೇ, ನೇರವಾಗಿ. ‘ನೀಲಿದೋ ಬಿಳೀದೋ, ಹಾಳಾಗ್ಲಿ ಬಿಡು. ಯಾರ ಕೈಗೆ ಆರಸಾಕತ್ತೀನಿ ಅಂತ ನಿನಗ ಗೊತ್ತಿತ್ತಾ?’

‘ಇಲ್ಲಜ್ಜಿ. ಯಾರೋ ಗೆಳೆಯನ ಮಗ, ನೌಕರಿ ಕಾಯಂ ಆಗೈತಿ ಅಂದ್ರು. ಇವರನ್ನ ನಾ ಇವತ್ತ ನೋಡಿದ್ದು.’

‘ಅಲ್ಲಪಾ,’ ಅಂದಳು ಅಜ್ಜಿ ಅಪ್ಪನಿಗೆ, ಸಿಟ್ಟಿಲ್ಲದೆ, ಬೇಸರದಿಂದ, ‘ಹುಡುಗಿಗೆ ಗೊತ್ತಿಲ್ಲದ ಆರಿಸಿದ ವಾಚು, ಅದೆಂಥ ವಾಚು?’

ಅಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ಆ ಯುವಕ ಮಾತಾಡಿದ. ‘ನಿಮ್ಮ ಮಗಳು ಒಂದು ತಾಸು ನಿಂತು ನನಗಂತ ಆರಿಸ್ಯಾಳ ಅಂದ್ರಿ,’ ಅಂದ ಅಪ್ಪನಿಗೆ. ಅವನ ಕಿವಿಗಳು ಕೆಂಪಗಾಗಿದ್ದವು. ‘ನಾ ಆಫೀಸಿನ್ಯಾಗೆಲ್ಲಾ ಹಂಗ ಹೇಳಿಕೊಂಡು ತಿರಗೀನಿ.’ ಆಮೇಲೆ ಚೈನಿನ ಕೊಂಡಿ ಬಿಚ್ಚಲು ಹೊರಟ. ಹೊಸ ಕೊಂಡಿ, ಸುಲಭಕ್ಕೆ ಬರಲಿಲ್ಲ. ಉಗುರು ಹಾಕಿ, ಹಲ್ಲು ಕಚ್ಚಿ, ಅವನು ಅದನ್ನು ಕೀಳುತ್ತಿರುವಷ್ಟು ಹೊತ್ತೂ ನಾವೆಲ್ಲ ಅವನ ಮುಂಗೈಯನ್ನೇ ನೋಡುತ್ತ ಕೂತಿದ್ದೆವು. ಬಿಚ್ಚಿ ಅಪ್ಪನ ಮುಂದೆ ಇಟ್ಟ. ನನ್ನ ಕಡೆ ನೋಡಲಿಲ್ಲ. ಅವನಿಗೂ ಮೋಸವಾಗಿತ್ತು, ಆದರೆ ಅವನ ಪಾಲಿಗೆ ಆ ಮೋಸದ ಮುಖ ನನ್ನದೇ ಆಗಿರಬೇಕು.

ಅವರು ಜಮಖಾನೆ ಮಡಚಿಕೊಂಡು ಹೋದರು. ಹೋಗುವಾಗ ಅಜ್ಜಿ ನನ್ನ ತಲೆ ಸವರಲಿಲ್ಲ, ಹರಸಲಿಲ್ಲ. ‘ಬರ್ತೀನಿ’ ಅಂದಳು, ಅಷ್ಟೇ. ಕಟ್ಟಳೆ ಕಟ್ಟಳೆ ಅಂತ ಹೀಗಳೆಯುತ್ತಿದ್ದ ನನ್ನ ನೆರವಿಗೆ ಆ ದಿನ ನಿಂತದ್ದು ಕಟ್ಟಳೆಯನ್ನು ಬಿಗಿಯಾಗಿ ಹಿಡಿದಿದ್ದ ಬೇರೆ ಮನೆಯ ಒಬ್ಬ ಮುದುಕಿ. ನನ್ನವರು ಅದನ್ನು ತಮಗೆ ಬೇಕಾದಷ್ಟು ಕತ್ತರಿಸಿ ಇಟ್ಟುಕೊಂಡಿದ್ದರು.

ಕಾರು ಕಮಲಾಪುರ ದಾಟಿತು. ಬಾಳೆ ತೋಟಗಳು ಬಂದವು, ಹೋದವು. ಆಮೇಲೆ ನಾನೇ ಕೇಳಿದೆ, ‘ವಾಚ್ ಯಾಕ ಬದಲಿ ಮಾಡಿದಿ?’

‘ಅಂಥ ಮನಿತನಕ್ಕ ಆ ಬಡಕಲು ವಾಚ್ ಕೊಟ್ಟು ಮಾರಿ ಹೆಂಗ ತೋರಸ್ಲಿ? ನೋಡಿದವರು ಏನಂದಾರು?’

‘ಹಂಗಾದ್ರ ನನ್ನ ಯಾಕ ಕರಕೊಂಡು ಹೋದಿ?’

‘ಹುಡುಗಿ ಆರಿಸಬೇಕಲ್ಲ. ಕ್ರಮ ಐತಿ.’

‘ಹುಡುಗನ್ನ ನೋಡಬೇಕು ಅನ್ನೋದೂ ಕ್ರಮ.’

‘ನೋಡಿದಿ. ಹೋದ ಸಲ ಸಂಡೂರ ಕಾಲೇಜಿನ್ಯಾಗ ನೀ ವೇದಿಕಿ ಮ್ಯಾಲಿದ್ದಾಗ ಅವ ನಿನ್ನ ಎದುರಿಗೇ ಕುಂತಿದ್ದ. ಮುಂದಿನ ಸಾಲು.’

ಸುಳ್ಳು ಎಲ್ಲಿದೆ ಅಂತ ಹುಡುಕಿದರೆ ಎಲ್ಲೂ ಸಿಗುವಂತಿರಲಿಲ್ಲ. ಗೆಳೆಯನ ಮಗ ಹೌದು, ನೌಕರಿ ಕಾಯಂ ಹೌದು, ನಾನು ಅಂಗಡಿಗೆ ಹೋದದ್ದು ಹೌದು, ಮುಂದಿನ ಸಾಲಿನಲ್ಲಿ ಅವನು ಕೂತಿದ್ದದ್ದೂ ಹೌದೇ ಇರಬೇಕು. ಕ್ರಮದ ಒಂದೊಂದು ಮೆಟ್ಟಿಲನ್ನೂ ಅಪ್ಪ ಹತ್ತಿಸಿದ್ದ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ. ಇಷ್ಟು ಹುಷಾರಾಗಿ ಕಟ್ಟಿದ ವಾದವನ್ನು ನಾನು ಯಾವ ಸ್ಪರ್ಧೆಯಲ್ಲೂ ಕೇಳಿರಲಿಲ್ಲ.

‘ಒಂದು ಮಾತು ಹೇಳಾಕ ಏನಾಗಿತ್ತು ನಿನಗ?’

‘ಹೇಳಿದ್ರ ನೀ ವಾದ ಮಾಡ್ತಿದ್ದಿ’ ಅಂದ ಅಪ್ಪ.

‘ವಾದ ಮಾಡಾಕ ಕಲಿಸಿದವ ನೀನ.’

‘ಸ್ಪರ್ಧಾಕ್ಕಂತ ಕಲಿಸಿದ್ದೆ. ಮನ್ಯಾಗ ಮಾಡಂತಲ್ಲ.’

ಅವನು ಅದನ್ನು ಕೋಪದಲ್ಲಿ ಹೇಳಲಿಲ್ಲ. ರಸ್ತೆ ನೋಡುತ್ತ, ಗೇರು ಬದಲಿಸುತ್ತ, ಎಲ್ಲರಿಗೂ ಗೊತ್ತಿರುವ ಸಂಗತಿಯೊಂದನ್ನು ಹೇಳುವ ಹಾಗೆ ಹೇಳಿದ. ಅದಕ್ಕೇ ನಂಬಿದೆ. ಆ ದಿನ ಅವನು ಹೇಳಿದ್ದರಲ್ಲಿ ಏನನ್ನೂ ಮುಚ್ಚಿಡದ ಮಾತು ಅದೊಂದೇ.

ರಾತ್ರಿಯ ಅಡುಗೆಗೆ ಅವ್ವ ಅಕ್ಕಿ ಆರಿಸುತ್ತಿದ್ದಾಗ ಹತ್ತಿರ ಹೋಗಿ ನಿಂತೆ. ‘ನೆನಪಿಲ್ಲ ಅಂದ್ಯಲ್ಲ.’

ಅವ್ವ ಮೊರ ಕೊಡವಿದಳು. ‘ನೆನಪಿತ್ತು’ ಅಂದಳು. ಕಲ್ಲೊಂದನ್ನು ಹೆಕ್ಕಿ ಕಿಟಕಿಯಾಚೆ ಎಸೆದಳು. ‘ಅವರ ಮುಂದ ನಿನ್ನಪ್ಪನ್ನ ಸುಳ್ಳ ಮಾಡಾಕ ಆಕ್ಕಿತ್ತೇನು?’

‘ನನ್ನ ಸುಳ್ಳ ಮಾಡಾಕ ಆತಲ್ಲ.’

ಅವಳು ಮತ್ತೆ ಮೊರದ ಮೇಲೆ ಬಗ್ಗಿದಳು. ಅವಳೂ ಒಂದು ಕಾಲಕ್ಕೆ ಅಪ್ಪನಿಗೆ ವಾಚು ಆರಿಸಿದವಳು. ಗೊತ್ತಿದ್ದು, ಹೊಸ ಸೀರೆ ಉಟ್ಟು, ತನ್ನ ಅಣ್ಣನ ಜತೆ ಹೋಗಿ, ಬೇಕಾದ್ದನ್ನು ಮುಟ್ಟಿ ಬಂದಿದ್ದಳು. ಆ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ. ತನಗೆ ಸಿಕ್ಕದ್ದು ಮಗಳಿಗೆ ಸಿಗದ ಹಾಗೆ ಹೂವು ಮುಡಿಸಿ ಕರೆದುಕೊಂಡು ಹೋಗಲು ಅವಳಿಗೆ ಹೇಗೆ ಮನಸ್ಸು ಬಂತು ಅನ್ನುವುದು ನನಗೆ ಈಗಲೂ ಬಗೆಹರಿದಿಲ್ಲ.

ಸಂಬಂಧ ಮುರಿಯಿತು. ನೆಂಟರು ಬಂದು ‘ಓದಸಿದ್ದು ಜಾಸ್ತಿ ಆತು’ ಅಂದು ಹೋದರು. ಆಮೇಲೆ ಕಾನೂನು ಕಾಲೇಜಿಗೆ ಸೇರಿಸಿದ್ದೂ ಅಪ್ಪನೇ. ಆ ವಿಷಯದಲ್ಲಿ ಅವನ ಮೇಲೆ ಗೂಬೆ ಕೂರಿಸುವಂತಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಈಗ ಟಿವಿ ಇರುತ್ತದೆ. ಅವನು ಕ್ಷಮೆ ಕೇಳಿಲ್ಲ. ನಾನೂ ಕೇಳು ಅಂದಿಲ್ಲ.

ಮೊನ್ನೆ ಸುಗ್ಗಿ ಮುಗಿದ ಮೇಲೆ, ಮುಂಜಾನೆ ಗಾಡಿ ಒರೆಸುತ್ತ ಅಪ್ಪ ಕೂಗಿದ, ‘ಕಂಪ್ಲಿಗೆ ಹೊಂಟೀನಿ, ಹೊಸ ಅಕ್ಕಿ ನೋಡಾಕ. ಬರ್ತಿಯೇನು?’

ಪ್ರತಿ ವರ್ಷ ಹೋಗುತ್ತಿದ್ದೆವು. ಹೊಳೆ ದಾರಿ, ಎರಡೂ ಕಡೆ ಕೊಯ್ದ ಗದ್ದೆ, ಮಿಲ್ಲಿನಲ್ಲಿ ಬಿಸಿ ಹೊಟ್ಟಿನ ವಾಸನೆ. ನನಗೆ ಇಷ್ಟವಾದ ಪ್ರಯಾಣ. ಬಾಗಿಲಿಗೆ ಬಂದು ನಿಂತೆ.

‘ಯಾವ ಮಿಲ್ಲು?’ ಅಂದೆ.

‘ಯಾವಾಗ್ಲೂ ಹೋಗ್ತೀವಲ್ಲ, ಅದ.’

‘ಮಿಲ್ಲಿನವರ ಮನ್ಯಾಗ ಯಾರ್ಯಾರು ಅದಾರ?’

ಅಪ್ಪ ಬಟ್ಟೆಯನ್ನು ಸೀಟಿನ ಮೇಲೆ ಹಾಕಿದ. ‘ಅಲ್ಲಿ ಅಕ್ಕಿ ಐತವ್ವ. ಬರೀ ಅಕ್ಕಿ.’

‘ನಿನ್ನ ಜೋಡಿ ಮತ್ತ್ಯಾರರ ಬರ್ತಾರೇನು? ದಾರ್‍ಯಾಗ ಯಾರರ ಸಿಗಾವ್ರು ಅದಾರೇನು?’

ಅವನು ಗಾಡಿ ಚಾಲೂ ಮಾಡಿ, ಹೊರಡದೆ, ನನಗಾಗಿ ಕಾದ. ಹಿಂದಿನ ಸೀಟು ಖಾಲಿ ಇತ್ತು. ಅವನು ಹೇಳುತ್ತಿರುವುದು ನಿಜವೇ ಇರಬಹುದು ಅಂತ ನನಗೂ ಅನ್ನಿಸಿತು. ಇರಬಹುದು ಅನ್ನುವುದರ ಮೇಲೆ ನಾನು ಇಷ್ಟು ವರ್ಷ ಅವನ ಹಿಂದೆ ಕೂತು ಊರೂರು ತಿರುಗಿದ್ದೆ. ಈಗ ಚಪ್ಪಲಿಗೆ ಕಾಲು ಹೋಗಲಿಲ್ಲ.

‘ಹೂಂ’ ಅಂದ ಅಪ್ಪ, ಯಾರಿಗೋ. ಗಾಡಿ ಓಣಿ ದಾಟಿ, ಆಟೋಗಳ ನಡುವೆ ನುಸುಳಿ, ಕಂಪ್ಲಿ ರಸ್ತೆಯ ಕಡೆ ಹೋಯಿತು. ನಾನು ಒಳಗೆ ಬಂದು ಓದಲು ಕೂತೆ. ಕಣ್ಣು ಪುಸ್ತಕದಲ್ಲಿತ್ತು, ಮನಸ್ಸು ಮಾತ್ರ ಅವನು ನಿಜ ಹೇಳಿರಲಿ ಅಂತ ಬೇಡಿಕೊಳ್ಳಬೇಕೋ, ನನ್ನ ಅನುಮಾನ ಸರಿಯಾಗಲಿಕ್ಕೆ ಸುಳ್ಳೇ ಹೇಳಿರಲಿ ಅಂತ ಬೇಡಿಕೊಳ್ಳಬೇಕೋ ತಿಳಿಯದೆ ಒದ್ದಾಡುತ್ತಿತ್ತು.